ಪೇಪರ್ ಕಡಿಮೆ ಮಾಡಿದೆ, ಸೈಟೇಶನ್ ಹೆಚ್ಚಾಯಿತು: ನನ್ನ ಅನುಭವ

ನಾನು ಜಠರ-ಕರುಳಿನ ರೋಗಗಳ ವೈದ್ಯ. ವರ್ಷಕ್ಕೆ ಏಳೆಂಟು ಪೇಪರ್ (ಸಂಶೋಧನಾ ಲೇಖನ) ಹೊರಡಿಸುತ್ತಿದ್ದವನು ಇನ್ನು ಒಂದು, ಹೆಚ್ಚೆಂದರೆ ಎರಡು ಸಾಕು ಎಂದಾಗ ವಿಭಾಗದಲ್ಲಿ ಯಾರಿಗೂ ಅದು ಹಿಡಿಸಲಿಲ್ಲ. "ಪಟ್ಟಿ ಉದ್ದ ಇದ್ದರೇನೇ ಬೆಲೆ. ಪ್ರೊಮೋಷನ್ ಕಮಿಟಿಯವರು ಎಣಿಸ್ತಾರೆಯೇ ಹೊರತು ಓದೋದಿಲ್ಲ, ಡಾಕ್ಟ್ರೇ" ಎಂದು ಹಿರಿಯರೊಬ್ಬರು ಕಾಳಜಿಯಿಂದಲೇ ಹೇಳಿದರು. ಹೆಚ್ಚುಕಡಿಮೆ ಹತ್ತು ವರ್ಷದ ಹಿಂದಿನ ಮಾತು. ಆಗ ಪೇಪರ್‌ಗಳ ಲೆಕ್ಕ ಇಡುವ ಸ್ಕೋಪಸ್ ಎಂಬ ದತ್ತಕೋಶದಲ್ಲಿ ನನ್ನ ಎಚ್-ಇಂಡೆಕ್ಸ್ ಏಳೋ ಎಂಟೋ ಇತ್ತು, ಅಂದರೆ ತಲಾ ಏಳೆಂಟು ಸಲವಾದರೂ ಉಲ್ಲೇಖವಾದ ಪೇಪರ್ ಏಳೆಂಟು. ಪೇಪರ್ ನಲವತ್ತರ ಮೇಲೆ, ಒಟ್ಟು ಸೈಟೇಶನ್ (ಬೇರೆ ಪೇಪರ್‌ಗಳಲ್ಲಿ ನನ್ನವುಗಳ ಉಲ್ಲೇಖ) ಮುನ್ನೂರರ ಒಳಗೆ. ಈಗ ಎಚ್-ಇಂಡೆಕ್ಸ್ ಹದಿನೇಳು ದಾಟಿದೆ, ಸೈಟೇಶನ್ ಎರಡು ಸಾವಿರದ ಸಮೀಪ ಬಂದಿದೆ. ಈ ಅವಧಿಯಲ್ಲಿ ನಾನು ಮೊದಲ ಅಥವಾ ಕೊನೆಯ ಲೇಖಕನಾಗಿ ಬರೆದ ಪೇಪರ್ ಹದಿನೈದು ಇರಬಹುದು, ಅಷ್ಟೇ. ಹೇಗೆ ಮಾಡಿದಿರಿ ಎಂದು ಅದೇ ಹಿರಿಯರು ಈಚೆಗೆ ಕೇಳಿದರು. ಅವರಿಗೆ ಹೇಳಿದ್ದನ್ನೇ ಇನ್ನಷ್ಟು ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿನ ನಲವತ್ತು ಪೇಪರ್ ಎಂಥವು ಎಂಬುದನ್ನು ಹೇಳಬೇಕು. ಅರ್ಧಕ್ಕಿಂತ ಹೆಚ್ಚು ಕೇಸ್ ರಿಪೋರ್ಟ್: ಅನ್ನನಾಳದಲ್ಲಿ ಸಿಕ್ಕ ಅಪರೂಪದ ಗಡ್ಡೆ, ಪಿತ್ತನಾಳದೊಳಗೆ ಹೊಕ್ಕ ಜಂತುಹುಳು, ಎಂಡೋಸ್ಕೋಪಿಯಲ್ಲಿ ಕಂಡ ಏನೋ ಒಂದು ವಿಚಿತ್ರ. ಉಳಿದದ್ದರಲ್ಲಿ ಒಂದಷ್ಟು ಸಂಪಾದಕರಿಗೆ ಪತ್ರ, ಒಂದಷ್ಟು ಹಳೆಯ ಚಾರ್ಟ್ ಕೆದಕಿ ಮಾಡಿದ ಆಡಿಟ್. ಸಮ್ಮೇಳನದ ಅಬ್‌ಸ್ಟ್ರ್ಯಾಕ್ಟ್‌ಗಳನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ. ಯಾವುದೂ ಕಳಪೆ ಕೆಲಸವಲ್ಲ. ಕೇಸ್ ರಿಪೋರ್ಟ್‌ನಿಂದ ರೆಸಿಡೆಂಟ್‌ಗಳು ಬರೆಯುವುದನ್ನು ಕಲಿತರು, ಅದು ದೊಡ್ಡ ಲಾಭ. ಆದರೆ ಅವುಗಳನ್ನು ಉಲ್ಲೇಖಿಸುವವರು ಯಾರು? ಮುಂದೆ ಅದೇ ಥರದ ರೋಗಿಯನ್ನು ಕಂಡು ಅಂಥದೇ ಕೇಸ್ ರಿಪೋರ್ಟ್ ಬರೆಯುವವರು. ಹತ್ತು ವರ್ಷಕ್ಕೆ ಮೂರು ಸೈಟೇಶನ್ ಬಂದರೆ ಹೆಚ್ಚು.

ನನ್ನ ದಾರಿ ಬದಲಾದದ್ದು ಒಂದು ಸರಳ ಕೆಲಸದಿಂದ. ನನ್ನನ್ನು ಉಲ್ಲೇಖಿಸಿದ ಪೇಪರ್‌ಗಳನ್ನೆಲ್ಲ, ಸುಮಾರು ಇನ್ನೂರೈವತ್ತು, ಒಂದೊಂದಾಗಿ ತೆರೆದು ನನ್ನ ಹೆಸರು ಯಾವ ಭಾಗದಲ್ಲಿ ಬಂದಿದೆ ಎಂದು ಎಕ್ಸೆಲ್‌ನಲ್ಲಿ ಗುರುತು ಹಾಕಿದೆ. ಪೀಠಿಕೆಯಲ್ಲೋ, ವಿಧಾನದಲ್ಲೋ, ಫಲಿತಾಂಶದ ಕೋಷ್ಟಕದಲ್ಲೋ, ಚರ್ಚೆಯಲ್ಲೋ? ಡ್ಯೂಟಿ ಮುಗಿದ ಮೇಲೆ ಕೂತು ಕೆಲವು ತಿಂಗಳು ಹಿಡಿಯಿತು. ಇದಕ್ಕೆ ಈಗ ಸಾಫ್ಟ್‌ವೇರ್ ಇದೆ, ಗೊತ್ತು. ಆದರೂ ಕೈಯಾರೆ ಮಾಡಿ ಎನ್ನುತ್ತೇನೆ. ಪೀಠಿಕೆಯಲ್ಲಿ ಬಂದವು ಬಹುಪಾಲು ಗುಂಪಿನಲ್ಲಿ ಬಂದಂಥವು, ಮೂರರಿಂದ ಒಂಬತ್ತು ಎಂದು ಆವರಣದೊಳಗೆ ತುಂಬಿದ ಏಳು ಉಲ್ಲೇಖಗಳಲ್ಲಿ ನನ್ನದೂ ಒಂದು. ಅವು ಪ್ರಕಟವಾದ ಮೂರು-ನಾಲ್ಕು ವರ್ಷಕ್ಕೆ ನಿಂತುಹೋಗುತ್ತಿದ್ದವು, ಏಕೆಂದರೆ ಆ ಜಾಗಕ್ಕೆ ಹೊಸ ಪೇಪರ್ ಸಿಗುತ್ತದೆ. ವಿಧಾನದ ಭಾಗದಲ್ಲೂ ಕೋಷ್ಟಕದಲ್ಲೂ ಬಂದವು ಕೈಬೆರಳೆಣಿಕೆಯಷ್ಟು. ಆದರೆ ಅವು ಮಾತ್ರ ವರ್ಷ ಕಳೆದರೂ ಬರುತ್ತಲೇ ಇದ್ದವು.

ನಮ್ಮ ಶಾಖೆಯ ಹಳೆಯ ಪೇಪರ್‌ಗಳನ್ನು ನೋಡಿದರೂ ಇದೇ ಕಾಣುತ್ತದೆ. ಟ್ರೂಲವ್ ಮತ್ತು ವಿಟ್ಸ್ 1955ರಲ್ಲಿ ಬರೆದದ್ದು ಅಲ್ಸರೇಟಿವ್ ಕೊಲೈಟಿಸ್‌ಗೆ (ದೊಡ್ಡ ಕರುಳಿನ ಹುಣ್ಣು-ಉರಿಯೂತ) ಕಾರ್ಟಿಸೋನ್ ಕೊಟ್ಟ ಪ್ರಯೋಗದ ಬಗ್ಗೆ. ಆ ಔಷಧದ ಮಾತು ಹಳೆಯದಾಯಿತು, ತೀವ್ರ ದಾಳಿ ಎಂದರೆ ಯಾವುದು ಎಂದು ಅವರು ಹಾಕಿಕೊಟ್ಟ ಅಳತೆ ಇಂದಿಗೂ ವಾರ್ಡಿನಲ್ಲಿದೆ. ಇನ್ನೂ ಒಳ್ಳೆಯ ಉದಾಹರಣೆ ಪ್ಯೂ ಮತ್ತವರ ತಂಡದ ಪೇಪರ್. 1973ರ ಆ ಪೇಪರ್ ಇದ್ದದ್ದು ರಕ್ತ ಸೋರುವ ವೆರಿಸಿಸ್‌ಗೆ (ಅನ್ನನಾಳದ ಉಬ್ಬಿದ ರಕ್ತನಾಳಗಳಿಗೆ) ಅನ್ನನಾಳವನ್ನು ಕತ್ತರಿಸಿ ಜೋಡಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ. ಆ ಶಸ್ತ್ರಚಿಕಿತ್ಸೆಯನ್ನು ಇಂದು ಎಷ್ಟು ಜನ ನೋಡಿದ್ದಾರೆ? ಆದರೆ ಯಕೃತ್ ಎಷ್ಟು ಕೆಟ್ಟಿದೆ ಎಂದು ಅಳೆಯುವ 1964ರ ಚೈಲ್ಡ್-ಟರ್ಕಾಟ್ ಪಟ್ಟಿಯಿಂದ ಪೌಷ್ಟಿಕತೆಯನ್ನು ತೆಗೆದು ಪ್ರೋಥ್ರಾಂಬಿನ್ ಟೈಮ್ (ರಕ್ತ ಹೆಪ್ಪುಗಟ್ಟುವ ಸಮಯ) ಸೇರಿಸಿದ ಆ ಸಣ್ಣ ಕೋಷ್ಟಕವನ್ನು ಸಿರೋಸಿಸ್‌ನ (ಯಕೃತ್ ಗಟ್ಟಿಯಾಗುವ ರೋಗದ) ಪ್ರತಿ ಪೇಪರ್‌ನಲ್ಲೂ ಬಳಸುತ್ತೇವೆ. ಯಕೃತ್ ರೋಗದ ಮೆಲ್ಡ್ ಸ್ಕೋರ್ ಕೂಡ ಹಾಗೆಯೇ. ಟಿಪ್ಸ್ (ಯಕೃತ್ತಿನೊಳಗೆ ರಕ್ತಕ್ಕೆ ಬದಲಿ ದಾರಿ ಮಾಡುವ ಚಿಕಿತ್ಸೆ) ಮಾಡಿಸಿಕೊಂಡವರು ಎಷ್ಟು ದಿನ ಬದುಕುತ್ತಾರೆ ಎಂದು ಲೆಕ್ಕ ಹಾಕಲು 2000ದಲ್ಲಿ ಹುಟ್ಟಿದ ಮಾದರಿ ಅದು. 2001ರಲ್ಲಿ ಕಾಮತ್ ಮತ್ತವರ ತಂಡ ಅದನ್ನು ಎಲ್ಲ ಬಗೆಯ ಸಿರೋಸಿಸ್‌ಗೆ ಪರೀಕ್ಷಿಸಿತು, 2002ರಲ್ಲಿ ಅಮೆರಿಕದಲ್ಲಿ ಯಕೃತ್ ಹಂಚಿಕೆಗೇ ಅದು ಆಧಾರವಾಯಿತು. ವಿಜ್ಞಾನದಲ್ಲೇ ಅತಿ ಹೆಚ್ಚು ಉಲ್ಲೇಖ ಪಡೆದ ಪೇಪರ್ 1951ರ ಲೌರಿಯದು, ಮೂರು ಲಕ್ಷ ದಾಟಿದೆ. ಅದರಲ್ಲಿರುವುದು ಪ್ರೋಟೀನ್ ಅಳೆಯುವ ವಿಧಾನ. ಮಾರ್ಷಲ್ ಮತ್ತು ವಾರನ್ 1984ರಲ್ಲಿ ಹೊಟ್ಟೆಯ ಬ್ಯಾಕ್ಟೀರಿಯಾ ಬಗ್ಗೆ ಬರೆದದ್ದೂ ಅಪಾರವಾಗಿ ಉಲ್ಲೇಖವಾಗಿದೆ, ನಿಜ. ಆದರೆ ಅಂಥ ಆವಿಷ್ಕಾರಕ್ಕೆ ಯೋಜನೆ ಹಾಕಿ ಕೂರಲಾಗದು. ಇನ್ನೊಬ್ಬರಿಗೆ ಕೆಲಸಕ್ಕೆ ಬರುವ ವಸ್ತುವನ್ನು ಕೊಡಲು ಯೋಜನೆ ಹಾಕಬಹುದು.

ಹಾಗಾದರೆ ರೋಗದ ತೀವ್ರತೆ ಅಳೆಯುವ ಹೊಸ ಸ್ಕೋರ್ ಮಾಡೋಣವೇ ಎಂದು ಯುನಿಟ್‌ನಲ್ಲಿ ಚರ್ಚೆಯಾಯಿತು. ನಾನು ಒಪ್ಪಲಿಲ್ಲ. ಪ್ಯಾಂಕ್ರಿಯಾಟೈಟಿಸ್‌ಗೇ (ಮೇದೋಜೀರಕ ಗ್ರಂಥಿಯ ಉರಿಯೂತ) 1974ರ ರಾನ್ಸನ್‌ನಿಂದ 2008ರ ಬೈಸ್ಯಾಪ್‌ವರೆಗೆ ಎಷ್ಟೊಂದಿವೆ. ಇನ್ನೊಂದು ಸೇರಿಸಿದರೆ ಅದನ್ನು ಬೇರೆಯವರು ತಮ್ಮ ರೋಗಿಗಳಲ್ಲಿ ಪರೀಕ್ಷಿಸಬೇಕು, ಆಮೇಲೆ ಬಳಸಬೇಕು. ಸಣ್ಣ ಕೇಂದ್ರದವರ ಸ್ಕೋರನ್ನು ಯಾರೂ ಮುಟ್ಟುವುದಿಲ್ಲ. ನಾನು ಆರಿಸಿಕೊಂಡದ್ದು ಬೇರೆ: ಮೆಟಾ-ಅನಾಲಿಸಿಸ್ (ಹಲವು ಅಧ್ಯಯನಗಳ ಅಂಕಿಗಳನ್ನು ಕೂಡಿಸಿ ನೋಡುವ ವಿಶ್ಲೇಷಣೆ) ಮಾಡುವವರಿಗೆ ಬೇಕಾದ, ಆದರೆ ಯಾವ ಪೇಪರ್‌ನಲ್ಲೂ ಸಿಗದ ಅಂಕಿ. ವಿಷಯ, ತೀವ್ರ ಪ್ಯಾಂಕ್ರಿಯಾಟೈಟಿಸ್ ಬಂದು ಗುಣವಾಗಿ ಮನೆಗೆ ಹೋದವರಿಗೆ ಮುಂದೆ ಏನಾಗುತ್ತದೆ ಎಂಬುದು. ಸಕ್ಕರೆ ಕಾಯಿಲೆ ಬರುತ್ತದೆಯೇ, ಕೊಬ್ಬು ಜೀರ್ಣವಾಗದೆ ತೂಕ ಇಳಿಯುತ್ತದೆಯೇ, ಮತ್ತೆ ದಾಳಿಯಾಗುತ್ತದೆಯೇ. ಒಂದೇ ಪ್ರಶ್ನೆ, ಒಂದೇ ಕೋಹಾರ್ಟ್ (ಹಿಂಬಾಲಿಸಿ ನೋಡುವ ರೋಗಿಗಳ ಗುಂಪು), ವರ್ಷಗಟ್ಟಲೆ.

ಇದರ ಮೊದಲ ಹೆಜ್ಜೆಗೆ ಹಣ ಬೇಕಾಗಲಿಲ್ಲ, ಬೆನ್ನುಮೂಳೆ ಬೇಕಾಯಿತು. ಪ್ಯಾಂಕ್ರಿಯಾಟೈಟಿಸ್‌ನ ತೀವ್ರತೆಯನ್ನು ವಿಂಗಡಿಸುವ 1992ರ ಅಟ್ಲಾಂಟಾ ವರ್ಗೀಕರಣವನ್ನು 2012ರಲ್ಲಿ ಪರಿಷ್ಕರಿಸಿದ ಮೇಲೆ ಹಳೆಯ ಪೇಪರ್‌ಗಳ "ಸಿವಿಯರ್" ಎಂಬ ಪದಕ್ಕೆ ಅರ್ಥವೇ ಬದಲಾಯಿತು. ಹೊಸದರಲ್ಲಿ ಅಂಗವೈಫಲ್ಯ 48 ಗಂಟೆ ದಾಟಿದರೆ ಮಾತ್ರ ಸಿವಿಯರ್, ಅದರ ಒಳಗೆ ಸರಿಹೋದರೆ ಮಾಡರೇಟ್ಲಿ ಸಿವಿಯರ್. ನಾಲ್ಕು ವಾರದ ಗಡಿಯಲ್ಲಿ ಗ್ರಂಥಿಯ ಸುತ್ತಮುತ್ತ ನಿಲ್ಲುವ ನೀರಿನ ಸಂಗ್ರಹಗಳ ಹೆಸರೂ ಬದಲಾಗುತ್ತದೆ. ಹಳೆಯ ಕೋಹಾರ್ಟ್‌ಗಳನ್ನು ಯಾರೂ ಹೊಸದಕ್ಕೆ ತಿದ್ದಿರಲಿಲ್ಲ. ಹಾಗಾಗಿ ಮೆಟಾ-ಅನಾಲಿಸಿಸ್ ಮಾಡುವವರು ಅವನ್ನೆಲ್ಲ ಬದಿಗಿಡುತ್ತಿದ್ದರು. ನಾವು ನಮ್ಮ ಹಳೆಯ ಚಾರ್ಟ್‌ಗಳನ್ನು ತೆರೆದು ಪ್ರತಿ ರೋಗಿಯನ್ನೂ ಮತ್ತೆ ವರ್ಗೀಕರಿಸಿದೆವು. ಇಬ್ಬರು ಪ್ರತ್ಯೇಕವಾಗಿ ಓದುವುದು, ಭಿನ್ನಾಭಿಪ್ರಾಯ ಬಂದರೆ ಮೂರನೆಯವರ ತೀರ್ಮಾನ. ಮೂತ್ರಪಿಂಡಕ್ಕೆ ಕ್ರಿಯಾಟಿನಿನ್ ಸಿಕ್ಕಿತು, ಬಿಪಿ ಸಿಕ್ಕಿತು. ಬ್ಲಡ್ ಗ್ಯಾಸ್ (ರಕ್ತದ ಆಮ್ಲಜನಕದ ಪರೀಕ್ಷೆ) ಮಾತ್ರ ಅನೇಕರಲ್ಲಿ ದಿನಕ್ಕೊಮ್ಮೆಯೂ ಮಾಡಿರಲಿಲ್ಲ, ಹಾಗಾಗಿ ಶ್ವಾಸಕೋಶದ ವೈಫಲ್ಯ 48 ಗಂಟೆ ಇತ್ತೋ ಇಲ್ಲವೋ ಹೇಳಲಾಗದು. ಅಂಥವರನ್ನು ಅಂದಾಜಿನ ಮೇಲೆ ಸೇರಿಸಲಿಲ್ಲ, ಕೈಬಿಟ್ಟೆವು. ಐದು ನೂರರ ಹತ್ತಿರ ಇದ್ದದ್ದು ಮುನ್ನೂರಕ್ಕೆ ಇಳಿಯಿತು. ಸಂಖ್ಯೆ ಕಡಿಮೆಯಾಯಿತಲ್ಲ ಎಂದು ಜೊತೆಯವರು ಬೇಸರಪಟ್ಟರು. ಆ ಮುನ್ನೂರರ ಪೇಪರೇ ಇಂದು ನನ್ನ ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿದೆ.

ನಿಜವಾದ ಪೆಟ್ಟು ಬಿದ್ದದ್ದು ಫಾಲೋ-ಅಪ್‌ನಲ್ಲಿ. ಹೊಟ್ಟೆನೋವು ಹೋದ ಮೇಲೆ ಆಸ್ಪತ್ರೆಗೆ ಯಾರು ಬರುತ್ತಾರೆ? ಮೊದಲ ವರ್ಷ ಅಂಚೆಯಲ್ಲಿ ಪ್ರಶ್ನಾವಳಿ ಕಳಿಸಿದೆವು. ಹತ್ತರಲ್ಲಿ ಒಂದು ವಾಪಸ್ ಬಂದಿರಬಹುದು, ಅದೂ ಅರ್ಧ ತುಂಬಿದ್ದು. ನೆನಪಿಸುವ ಎಸ್ಸೆಮ್ಮೆಸ್‌ನಿಂದಲೂ ಉಪಯೋಗವಾಗಲಿಲ್ಲ. ಕೊನೆಗೆ ಫಲಿಸಿದ್ದು ಫೋನ್, ಅದೂ ಸಂಜೆ ಹೊತ್ತು, ಅದೂ ರೋಗಿಗೆ ವಾರ್ಡಿನಲ್ಲಿ ಪರಿಚಯವಾಗಿದ್ದ ನರ್ಸ್ ಕೈಯಿಂದ. ಡಿಸ್ಚಾರ್ಜ್ ದಿನವೇ ಅವರಿಂದ ಇನ್ನೊಬ್ಬ ಸಂಬಂಧಿಕರ ನಂಬರನ್ನೂ ಒಪ್ಪಿಗೆಯನ್ನೂ ಬರೆಸಿಕೊಂಡದ್ದು ದೊಡ್ಡ ಉಪಕಾರ ಮಾಡಿತು. ಡಿಸ್ಚಾರ್ಜ್ ಸಮಯದಲ್ಲಿ ರೋಗಿಗೆ ಏನು ಹೇಳಿದರೆ ಅವರು ಒಂದು ವರ್ಷದ ಮೇಲೂ ಫೋನ್ ಎತ್ತುತ್ತಾರೆ ಎಂಬುದನ್ನು ನಾವು ಪ್ರಯೋಗ ಮಾಡಿ ಕಂಡುಕೊಂಡೆವು. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ಇನ್ನೂ ಎರಡು ವರ್ಷದ ಕೆಲಸ ಅದರ ಮೇಲೆ ನಿಂತಿದೆ. ಒಂದು ವರ್ಷದ ಫಾಲೋ-ಅಪ್ ಮೂವತ್ತು ಪ್ರತಿಶತದಿಂದ ಎಂಬತ್ತರ ಹತ್ತಿರ ಬಂತು.

ಹಣದ ಕಥೆ ಇಲ್ಲಿಂದ ಶುರು. ಮಲದಲ್ಲಿ ಎಲಾಸ್ಟೇಸ್ ಎಂಬ ಮೇದೋಜೀರಕದ ಕಿಣ್ವವನ್ನು ಅಳೆಯುವ ಕಿಟ್‌ಗೆ ಅನುದಾನ ಕೇಳಿದೆ, "ನಾವೀನ್ಯ ಇಲ್ಲ" ಎಂದು ತಿರಸ್ಕಾರವಾಯಿತು. ಮರುವರ್ಷವೂ ಅದೇ ಉತ್ತರ. ನರ್ಸ್‌ಗೆ ಗಂಟೆ ಲೆಕ್ಕದಲ್ಲಿ ಕೊಡುವ ಹಣವನ್ನು ಎರಡು ವರ್ಷ ನಾನೂ ನನ್ನ ಸಹೋದ್ಯೋಗಿಯೂ ಕೈಯಿಂದ ಹಾಕಿದೆವು. ಕಿಟ್ ಎಲ್ಲರಿಗೂ ಸಾಲುವುದಿಲ್ಲ ಎಂದು ಗೊತ್ತಾದಾಗ ನೆಕ್ರೋಸಿಸ್ (ಅಂಗಾಂಶ ಸತ್ತಿರುವುದು) ಇದ್ದವರೆಲ್ಲರಿಗೂ, ಇಲ್ಲದವರಲ್ಲಿ ಮೂರರಲ್ಲಿ ಒಬ್ಬರಿಗೂ ಚೀಟಿ ಎತ್ತಿ ಮಾಡಿದೆವು. ಸಂಖ್ಯಾಶಾಸ್ತ್ರಜ್ಞರನ್ನು ಮೊದಲೇ ಕೇಳಿದ್ದರಿಂದ ಅದಕ್ಕೆ ತಕ್ಕ ತೂಕ ಹಾಕಿ ಲೆಕ್ಕ ಮಾಡಲು ಬಂತು. ಸ್ಯಾಂಪಲ್ ನೀರಾಗಿದ್ದರೆ ಎಲಾಸ್ಟೇಸ್ ಸುಳ್ಳಾಗಿ ಕಡಿಮೆ ತೋರುತ್ತದೆ, ಕೊರತೆಯ ಗಡಿಯಾದ 200ರ ಕೆಳಗೆ ಬಂದಿತೆಂದು ಹಿಗ್ಗುವ ಹಾಗಿಲ್ಲ. ಅಂಥ ಸ್ಯಾಂಪಲ್‌ಗಳನ್ನು ಎಸೆದು ಮತ್ತೆ ತರಿಸಿದೆವು. ಒಂದು ಕಿಟ್ಟಿನ ಹಣ ಹೋದರೆ ಹೊಟ್ಟೆ ಉರಿಯುತ್ತದೆ. ಆದರೆ ಆ ಒಂದು ವಾಕ್ಯ, ನೀರಾದ ಸ್ಯಾಂಪಲ್ ಕೈಬಿಟ್ಟಿದ್ದೇವೆ ಎಂಬುದು, ವಿಧಾನದ ಭಾಗದಲ್ಲಿ ಇದ್ದದ್ದರಿಂದಲೇ ನಮ್ಮ ಪೇಪರ್‌ಗೆ ಗುಣಮಟ್ಟದ ಅಂಕ ಹೆಚ್ಚು ಸಿಕ್ಕಿತೆಂದು ಒಂದು ಮೆಟಾ-ಅನಾಲಿಸಿಸ್ ತಂಡ ನಂತರ ಪತ್ರ ಬರೆಯಿತು.

ಈಗ ಮುಖ್ಯ ವಿಷಯ, ಕೋಷ್ಟಕ. ಇದೇ ನನ್ನ ವಿಧಾನದ ಹೃದಯ. ಕ್ಲಿನಿಕಲ್ ಪೇಪರ್‌ಗಳಲ್ಲಿ ಅಂಕಿಯನ್ನು ಒಂದೇ ರೀತಿ ಕೊಟ್ಟಿರುತ್ತಾರೆ: ಹಂಚಿಕೆ ಓರೆಯಾಗಿದ್ದರೆ ಮೀಡಿಯನ್ (ಸಾಲಿನ ನಡುವಿನ ಅಂಕಿ), ಇಲ್ಲದಿದ್ದರೆ ಸರಾಸರಿ. ಮೆಟಾ-ಅನಾಲಿಸಿಸ್ ಮಾಡುವವರಿಗೆ ಸರಾಸರಿಯೂ ಅಂಕಿಗಳು ಎಷ್ಟು ಹರಡಿವೆ ಎಂದು ಹೇಳುವ ಸ್ಟ್ಯಾಂಡರ್ಡ್ ಡೀವಿಯೇಶನ್ನೂ ಬೇಕಾಗುತ್ತದೆ. ಸಿಗದಿದ್ದರೆ ಸೂತ್ರ ಹಾಕಿ ಅಂದಾಜು ಮಾಡುತ್ತಾರೆ, ಇಲ್ಲವೇ ಪೇಪರನ್ನೇ ಬಿಡುತ್ತಾರೆ. ನಾವು ಎರಡನ್ನೂ ಕೊಟ್ಟೆವು. ಬರೀ ಪ್ರತಿಶತ ಬರೆಯದೆ ಮೇಲಿನ ಅಂಕಿ, ಕೆಳಗಿನ ಅಂಕಿ ಎರಡನ್ನೂ (ಎಷ್ಟು ಜನರಲ್ಲಿ ಎಷ್ಟು ಜನ ಎಂದು) ಬರೆದೆವು. ಎಲ್ಲರನ್ನೂ ಒಟ್ಟಿಗೆ ತೋರಿಸುವುದರ ಜೊತೆಗೆ ಸೌಮ್ಯ, ಮಧ್ಯಮ, ತೀವ್ರ ಎಂದು ಬೇರೆ. ಪಿತ್ತಕಲ್ಲು, ಮದ್ಯ, ಇತರ ಕಾರಣ ಎಂದು ಬೇರೆ. ನೆಕ್ರೋಸಿಸ್ ಇದ್ದವರು, ಇಲ್ಲದವರು ಎಂದು ಬೇರೆ. ಆರು ತಿಂಗಳಿಗೊಮ್ಮೆ ಎಷ್ಟು ಜನ ಉಳಿದಿದ್ದರು, ಎಷ್ಟು ಜನ ಕೈತಪ್ಪಿದರು ಎಂಬುದೂ ಇತ್ತು. ಮೊದಲೇ ಸಕ್ಕರೆ ಕಾಯಿಲೆ ಇದ್ದವರನ್ನು ಪ್ರತ್ಯೇಕ ಸಾಲಿನಲ್ಲಿ ಇಟ್ಟೆವು. ಹೊಸದಾಗಿ ಬಂದವರ ಲೆಕ್ಕ ಹಾಕುವಾಗ ಎಲ್ಲರೂ ತಡವರಿಸುವ ಜಾಗ ಅದು. ಜರ್ನಲ್ ಪರವಾಗಿ ಪೇಪರ್ ಪರಿಶೀಲಿಸುವ ಒಬ್ಬ ರಿವ್ಯೂವರ್ "ಕೋಷ್ಟಕ ಅತಿಯಾಯಿತು, ತೆಗೆಯಿರಿ" ಎಂದರು. ಮುಖ್ಯ ಪಠ್ಯದಿಂದ ತೆಗೆದು ಸಪ್ಲಿಮೆಂಟ್‌ಗೆ ಹಾಕಿದೆವು, ಒಂದು ಸಾಲನ್ನೂ ಬಿಡಲಿಲ್ಲ. ಜರ್ನಲ್‌ನ ಸಪ್ಲಿಮೆಂಟ್ ಫೈಲ್‌ಗಳು ಎಷ್ಟೋ ಸಲ ತೆರೆಯುವುದೇ ಇಲ್ಲ, ಹಾಗಾಗಿ ಅದೇ ಕೋಷ್ಟಕವನ್ನು ಝೆನೋಡೋ ಎಂಬ ಉಚಿತ ಆನ್‌ಲೈನ್ ಭಂಡಾರದಲ್ಲೂ ಇಟ್ಟು ಡಿಓಐ (ಶಾಶ್ವತ ಗುರುತುಸಂಖ್ಯೆ) ಪಡೆದೆವು. ಖರ್ಚು ಶೂನ್ಯ. ರೋಗಿಯ ಗುರುತು ಸಿಗುವಂಥ ದತ್ತಾಂಶವಲ್ಲ, ಬರೀ ಒಟ್ಟು ಅಂಕಿ, ಎಥಿಕ್ಸ್ ಕಮಿಟಿಯ ಒಪ್ಪಿಗೆಯೂ ಇತ್ತು.

ಒಂದು ವರ್ಷ ಏನೂ ಆಗಲಿಲ್ಲ. ಸೈಟೇಶನ್ ಎರಡೋ ಮೂರೋ. ಪ್ರೊಮೋಷನ್ ಸಂದರ್ಶನ ಬಂದು ಹೋಯಿತು, ಹುದ್ದೆ ನನಗೆ ಸಿಗಲಿಲ್ಲ. ಉದ್ದ ಪಟ್ಟಿಯಿದ್ದವರಿಗೆ ಸಿಕ್ಕಿತು. ಆ ದಿನಗಳು ಕಷ್ಟದವು, ಅದನ್ನು ಮುಚ್ಚಿಡುವುದಿಲ್ಲ. ಮನೆಯಲ್ಲೂ ವಿಭಾಗದಲ್ಲೂ ವಿವರಣೆ ಕೊಡಬೇಕಾಯಿತು. ಎರಡನೆಯ ವರ್ಷದ ಕೊನೆಗೆ ಗುರುತಿಲ್ಲದ ತಂಡವೊಂದರಿಂದ ಇಮೇಲ್: ನಿಮ್ಮ ಕೋಷ್ಟಕದ ಮದ್ಯದ ಸಾಲಿನಲ್ಲಿ ಪುರುಷ-ಮಹಿಳೆ ವಿಂಗಡಣೆ ಕೊಡಬಹುದೇ? ಎರಡೇ ದಿನದಲ್ಲಿ ಕಳಿಸಿದೆ. ಇಂಥ ಇಮೇಲ್‌ಗೆ ಉತ್ತರಿಸುವುದು ಪೇಪರ್ ಬರೆಯುವಷ್ಟೇ ಮುಖ್ಯವಾದ ಕೆಲಸ. ಮೆಟಾ-ಅನಾಲಿಸಿಸ್ ತಂಡಗಳು ಹತ್ತಾರು ಲೇಖಕರಿಗೆ ಬರೆಯುತ್ತವೆ, ಉತ್ತರಿಸುವವರು ಕೆಲವೇ ಜನ. ಆ ಮೆಟಾ-ಅನಾಲಿಸಿಸ್ ಪ್ರಕಟವಾಯಿತು, ಅದನ್ನು ಓದಿದವರು ಮೂಲ ಹುಡುಕಿಕೊಂಡು ನಮ್ಮ ಪೇಪರ್‌ಗೆ ಬಂದರು. ಮುಂದಿನ ಮೆಟಾ-ಅನಾಲಿಸಿಸ್ ಮಾಡುವವರು ಹಿಂದಿನದರ ಪಟ್ಟಿಯಿಂದಲೇ ಶುರುಮಾಡುತ್ತಾರೆ, ಹಾಗಾಗಿ ಒಮ್ಮೆ ಒಳಗೆ ಸೇರಿದ ಪೇಪರ್ ಪ್ರತಿ ಸಲವೂ ಬರುತ್ತದೆ. ಮೆಟಾ-ಅನಾಲಿಸಿಸ್‌ನಿಂದ ಗೈಡ್‌ಲೈನ್‌ಗೆ (ಚಿಕಿತ್ಸೆಯ ಮಾರ್ಗಸೂಚಿಗೆ) ದಾರಿ ಹತ್ತಿರ. ಒಂದು ಅಂತರರಾಷ್ಟ್ರೀಯ ಗೈಡ್‌ಲೈನ್‌ನ ಪುರಾವೆಯ ಕೋಷ್ಟಕದಲ್ಲಿ ನಮ್ಮ ಯುನಿಟ್‌ನ ಸಾಲು ಇರುವುದನ್ನು ನೋಡಿದಾಗ ಆದ ಸಂತೋಷವನ್ನು ಯಾವ ಇಂಡೆಕ್ಸ್‌ನಿಂದಲೂ ಅಳೆಯಲಾಗದು. ಆ ಪುಟವನ್ನು ಪ್ರಿಂಟ್ ಮಾಡಿ ಫೋನ್ ಮಾಡುತ್ತಿದ್ದ ನರ್ಸ್‌ಗೆ ಕೊಟ್ಟೆ. ಅವರ ಹೆಸರು ಆ ಪೇಪರ್‌ನ ಲೇಖಕರಲ್ಲಿ ಇದೆ. ಲೇಖಕರಾಗಲು ವೈದ್ಯಕೀಯ ಜರ್ನಲ್ ಸಂಪಾದಕರ ಸಮಿತಿ ಐಸಿಎಂಜೆಇ ಹಾಕಿದ ನಾಲ್ಕೂ ಷರತ್ತು ಅವರು ಪೂರೈಸಿದ್ದರು.

ಪ್ರಕಟಣೆಯ ಖರ್ಚಿನ ಬಗ್ಗೆ ಕೇಳುವವರು ಬಹಳ. ಮೊದಲ ಫಾಲೋ-ಅಪ್ ಪೇಪರನ್ನು ಮೇಲಿನ ನಾಲ್ಕೈದು ಜರ್ನಲ್‌ಗಳು ಸಾಲಾಗಿ ತಿರಸ್ಕರಿಸಿದವು, ಎರಡು ಕಡೆ ರಿವ್ಯೂವರ್ ಬಳಿಗೂ ಹೋಗಲಿಲ್ಲ. ಕೊನೆಗೆ ಮಧ್ಯಮ ದರ್ಜೆಯ ಜರ್ನಲ್ ತೆಗೆದುಕೊಂಡಿತು. ಓಪನ್ ಆ್ಯಕ್ಸೆಸ್‌ಗೆ (ಎಲ್ಲರೂ ಉಚಿತವಾಗಿ ಓದುವಂತೆ ಪ್ರಕಟಿಸಲು) ಮೂರು ಸಾವಿರ ಡಾಲರ್ ಆಸುಪಾಸು ಕೇಳಿದರು. ಕೊಡಲಿಲ್ಲ. ಜರ್ನಲ್‌ಗಳ ನಿಯಮ ತಿಳಿಸುವ ಶೆರ್ಪಾ ರೋಮಿಯೋ ತಾಣದಲ್ಲಿ ಆ ಜರ್ನಲ್‌ನ ನಿಯಮ ನೋಡಿ, ಅವರು ಹೇಳಿದ ಅವಧಿ ಮುಗಿದ ಮೇಲೆ ಒಪ್ಪಿತ ಹಸ್ತಪ್ರತಿಯನ್ನು ಸಂಸ್ಥೆಯ ರೆಪಾಸಿಟರಿಯಲ್ಲಿ (ಆನ್‌ಲೈನ್ ಭಂಡಾರದಲ್ಲಿ) ಹಾಕಿದೆವು. ಪೇಪರ್‌ನ ಉಚಿತ ಪ್ರತಿ ಹುಡುಕಿಕೊಡುವ ಅನ್‌ಪೇವಾಲ್ ಬಟನ್ ಒತ್ತಿದವರಿಗೆ ಅದು ಸಿಗುತ್ತದೆ. ಎರಡನೆಯ ಪೇಪರ್‌ಗೆ ಮಾತ್ರ ಅನುದಾನದಿಂದ ಹಣ ಕೊಟ್ಟು ಓಪನ್ ಮಾಡಿಸಿದೆ. ಡೌನ್‌ಲೋಡ್ ಬಹಳ ಹೆಚ್ಚಾಯಿತು, ಸೈಟೇಶನ್‌ನಲ್ಲಿ ಅಂಥ ದೊಡ್ಡ ಅಂತರ ನನ್ನ ಮಟ್ಟಿಗೆ ಕಾಣಲಿಲ್ಲ. ಓದುವವರು ಬೇರೆ, ಬಳಸುವವರು ಬೇರೆ ಎಂಬುದು ನನ್ನ ಅಭಿಪ್ರಾಯ. ಭಾಷೆ ತಿದ್ದುವ ಸಂಸ್ಥೆಯೊಂದಕ್ಕೆ ಕೆಲವು ನೂರು ಡಾಲರ್ ಕೊಟ್ಟದ್ದು ಪೂರ್ತಿ ನಷ್ಟ. ಅಟ್ಲಾಂಟಾ ವ್ಯಾಖ್ಯೆಯ ಪದಗಳನ್ನೇ ಅವರು ಚೆಂದ ಮಾಡಲು ಹೋಗಿ ಬದಲಿಸಿಬಿಟ್ಟರು. ವಾಲ್ಡ್-ಆಫ್ ನೆಕ್ರೋಸಿಸ್‌ಗೆ ಬೇರೆ ಪದ ಹಾಕಿದರೆ ಆ ಪೇಪರ್ ಯಾವ ಹುಡುಕಾಟದಲ್ಲೂ ಸಿಗುವುದಿಲ್ಲ. ಎಲ್ಲವನ್ನೂ ವಾಪಸ್ ತಿದ್ದಲು ಒಂದು ವಾರ ಹೋಯಿತು.

ಒಬ್ಬ ರಿವ್ಯೂವರ್ ಐದಾರು ಪೇಪರ್ ಪಟ್ಟಿ ಕೊಟ್ಟು ಇವನ್ನು ಉಲ್ಲೇಖಿಸಿ ಎಂದರು. ಎಲ್ಲದರಲ್ಲೂ ಒಂದೇ ಲೇಖಕರ ಹೆಸರು. ಅವುಗಳಲ್ಲಿ ಒಂದು ನಮ್ಮ ವಿಷಯಕ್ಕೆ ಸಂಬಂಧಿಸಿತ್ತು, ಅದನ್ನು ಸೇರಿಸಿದೆ. ಉಳಿದವು ಏಕೆ ಬೇಡ ಎಂದು ಪ್ರತಿಯೊಂದಕ್ಕೂ ಎರಡು ಸಾಲು ಬರೆದು ಎಡಿಟರ್‌ಗೆ ಪ್ರತ್ಯೇಕ ಪತ್ರದಲ್ಲಿ ತಿಳಿಸಿದೆ. ಪೇಪರ್ ಒಪ್ಪಿತವಾಯಿತು. ಹೆದರಿ ಸೇರಿಸುವ ಕಿರಿಯರಿಗಾಗಿ ಇದನ್ನು ಹೇಳುತ್ತಿದ್ದೇನೆ. ನನ್ನದೇ ಪೇಪರ್‌ಗಳನ್ನು ನಾನು ಉಲ್ಲೇಖಿಸಿದ ಪ್ರಮಾಣ ಹತ್ತು ಪ್ರತಿಶತದ ಒಳಗಿದೆ. ಸ್ಕೋಪಸ್‌ನಲ್ಲಿ ಸ್ವ-ಉಲ್ಲೇಖ ತೆಗೆದು ನೋಡುವ ಸೌಲಭ್ಯ ಇದೆ, ಅದರ ಚಂದಾ ಇರುವವರು ಯಾರು ಬೇಕಾದರೂ ನೋಡಬಹುದು. ಮಾಡಿದ ಕೆಲಸದ ಬಗ್ಗೆ ನನಗಿರುವ ಹೆಮ್ಮೆಗೆ ಇದೂ ಒಂದು ಕಾರಣ.

ದಾಖಲೆ ಸರಿಪಡಿಸುವ ಕೆಲಸ ಬೇಸರದ್ದು, ಆದರೆ ಲಾಭ ಬೇಗ ಸಿಗುತ್ತದೆ. ಮನೆತನದ ಹೆಸರಿಲ್ಲದೆ ಇನಿಷಿಯಲ್ ಮಾತ್ರ ಇರುವವರ ಗತಿ ಗೊತ್ತಲ್ಲ. ಒಂದು ಜರ್ನಲ್ ಇನಿಷಿಯಲ್ಲನ್ನೇ ಸರ್‌ನೇಮ್ ಮಾಡುತ್ತದೆ, ಇನ್ನೊಂದು ಅದನ್ನು ಬಿಟ್ಟೇಬಿಡುತ್ತದೆ. ಸ್ಕೋಪಸ್‌ನಲ್ಲಿ ನಾನು ಮೂರು ಜನರಾಗಿದ್ದೆ. ಒಂದು ಪ್ರೊಫೈಲ್‌ನಲ್ಲಿ ಬೇರೆ ಯಾರದೋ ಮೂಳೆಶಾಸ್ತ್ರದ ಪೇಪರ್‌ಗಳೂ ಸೇರಿದ್ದವು, ಅವನ್ನು ಮೊದಲು ತೆಗೆಸಿದೆ. ಆಮೇಲೆ ಒಂದುಗೂಡಿಸಲು ಕೋರಿಕೆ ಕಳಿಸಿದೆ. ಕೆಲವು ವಾರದಲ್ಲಿ ಆಯಿತು. ಸಂಶೋಧಕರನ್ನು ಗುರುತಿಸಲು 2012ರಲ್ಲಿ ಶುರುವಾದ ಓರ್ಕಿಡ್ ಸಂಖ್ಯೆ ನನ್ನ ಬಳಿ ಇತ್ತು, ಖಾಲಿ ಬಿದ್ದಿತ್ತು. ಅದನ್ನು ತುಂಬಿ, ಮುಂದೆ ಪ್ರತಿ ಪೇಪರ್ ಸಲ್ಲಿಸುವಾಗಲೂ ಅದನ್ನೇ ಕೊಟ್ಟೆ. ಗೂಗಲ್ ಸ್ಕಾಲರ್‌ನಲ್ಲಿ ತಾನಾಗಿ ಪೇಪರ್ ಸೇರಿಸಿಕೊಳ್ಳುವ ಆಯ್ಕೆಯನ್ನು ಆಫ್ ಮಾಡಿ. ಇಲ್ಲದಿದ್ದರೆ ಅದೇ ಹೆಸರಿನ ಎಲ್ಲರ ಪೇಪರ್ ಬಂದು ಸೇರಿ, ನಾಳೆ ನೀವೇ ಉತ್ತರ ಕೊಡಬೇಕಾಗುತ್ತದೆ.

ಕಾಣೆಯಾದ ಸೈಟೇಶನ್ ಹುಡುಕುವುದು ಇನ್ನೊಂದು ಕೆಲಸ. ಪೇಪರ್ ಮೊದಲು ಆನ್‌ಲೈನ್‌ನಲ್ಲಿ ಒಂದು ವರ್ಷ, ಪ್ರಿಂಟ್‌ನಲ್ಲಿ ಮರುವರ್ಷ ಬಂದಿದ್ದರೆ ಉಲ್ಲೇಖಿಸುವವರು ಎರಡು ಥರ ಬರೆಯುತ್ತಾರೆ, ಪುಟಸಂಖ್ಯೆ ತಪ್ಪಿದರೆ ಅದು ಲೆಕ್ಕಕ್ಕೇ ಸೇರುವುದಿಲ್ಲ. ಗೂಗಲ್ ಸ್ಕಾಲರ್ ಪಟ್ಟಿಯನ್ನೂ ಸ್ಕೋಪಸ್ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು, ಸ್ಕೋಪಸ್‌ನಲ್ಲಿರುವ ಜರ್ನಲ್‌ನಲ್ಲಿ ಬಂದರೂ ಜೋಡಣೆಯಾಗದವನ್ನು ಗುರುತಿಸಿ ಅವರಿಗೆ ಬರೆದೆ. ನಲವತ್ತೋ ಐವತ್ತೋ ಸೈಟೇಶನ್ ಹಾಗೆ ಸೇರಿದವು. ಇವು ಹೊಸದಾಗಿ ಗಳಿಸಿದವಲ್ಲ, ನಮ್ಮದೇ ಆಗಿದ್ದು ನಮ್ಮ ಹೆಸರಿಗೆ ಬರದೆ ಇದ್ದವು. ಇನ್ನೊಂದು ಎಚ್ಚರ: ದೊಡ್ಡ ಬಹುಕೇಂದ್ರ ಅಧ್ಯಯನಕ್ಕೆ ಸೇರುವ ಮೊದಲು ನಿಮ್ಮ ಹೆಸರು ಲೇಖಕರ ಸಾಲಿನಲ್ಲಿ ಬರುತ್ತದೆಯೋ, ಗುಂಪಿನ ಹೆಸರಿನ ಕೆಳಗೆ ಸಹಯೋಗಿಗಳ ಪಟ್ಟಿಯಲ್ಲಿ ಬರುತ್ತದೆಯೋ ಎಂದು ಬರಹದಲ್ಲಿ ಕೇಳಿ. ವೈದ್ಯಕೀಯ ಪೇಪರ್‌ಗಳ ಸೂಚಿಯಾದ ಪಬ್‌ಮೆಡ್ ಈ ಎರಡನ್ನೂ ಬೇರೆಯಾಗಿಯೇ ತೋರಿಸುತ್ತದೆ. ಎರಡು ವರ್ಷ ರೋಗಿಗಳನ್ನು ಸೇರಿಸಿ ಕೊಟ್ಟವರ ಹೆಸರು ಎಲ್ಲೋ ಒಳಗೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ.

ನಡುವೆ ಮಾಡಿದ ಸಣ್ಣಪುಟ್ಟ ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಮೆಡ್‌ಆರ್ಕೈವ್ ತಾಣ 2019ರಲ್ಲಿ ಶುರುವಾದ ಮೇಲೆ ಅಲ್ಲಿ ಒಂದು ಪೇಪರನ್ನು ಪ್ರೀಪ್ರಿಂಟ್ ಆಗಿ, ಅಂದರೆ ಜರ್ನಲ್‌ನ ಪರಿಶೀಲನೆಗೂ ಮೊದಲೇ, ಹಾಕಿದೆ. ಓದಿದವರಲ್ಲಿ ಒಬ್ಬರು ಒಂದು ಕೋಷ್ಟಕದ ವ್ಯಾಖ್ಯೆ ಸ್ಪಷ್ಟವಿಲ್ಲ ಎಂದು ಬರೆದರು, ಅದರಿಂದ ಪೇಪರ್ ಉತ್ತಮವಾಯಿತು. ಸೈಟೇಶನ್ ಮಾತ್ರ ಪ್ರೀಪ್ರಿಂಟ್‌ಗೂ ಜರ್ನಲ್‌ಗೂ ಹಂಚಿಹೋದವು. ಸಾಮಾಜಿಕ ಜಾಲತಾಣದಲ್ಲಿ ಚಿತ್ರಸಾರಾಂಶ ಹಾಕಿ ಒಂದು ವರ್ಷ ನೋಡಿದೆ. ಲೈಕ್ ಬಂದವು, ಉಲ್ಲೇಖ ಬರಲಿಲ್ಲ, ನಿಲ್ಲಿಸಿದೆ. ಒಂದು ರಿವ್ಯೂ ಲೇಖನ ಬರೆದೆ. ಮೊದಲ ಎರಡು ವರ್ಷ ಅದು ನನ್ನ ಎಲ್ಲ ಪೇಪರ್‌ಗಳಿಗಿಂತ ವೇಗವಾಗಿ ಓಡಿತು, ಆಮೇಲೆ ಹೊಸ ರಿವ್ಯೂ ಬಂದೊಡನೆ ಥಟ್ಟನೆ ಕುಸಿಯಿತು. ಕೋಹಾರ್ಟ್ ಪೇಪರ್‌ನ ಗ್ರಾಫ್ ನಿಧಾನಕ್ಕೆ ಏರುತ್ತದೆ, ಆದರೆ ಇನ್ನೂ ಇಳಿದಿಲ್ಲ. ಫಲಿತಾಂಶ ನಕಾರಾತ್ಮಕವಾಗಿದ್ದ ಸಣ್ಣ ಪೇಪರ್ ಒಂದನ್ನು ಬಹಳ ಕಷ್ಟದಿಂದ ಪ್ರಕಟಿಸಿದೆವು. ಅದೂ ಎರಡು ಮೆಟಾ-ಅನಾಲಿಸಿಸ್‌ನಲ್ಲಿ ಸೇರಿತು. ನಕಾರಾತ್ಮಕ ಅಂಕಿ ಇಲ್ಲದಿದ್ದರೆ ಒಟ್ಟು ಲೆಕ್ಕ ಒಂದೇ ಕಡೆ ವಾಲುತ್ತದೆ, ಹಾಗಾಗಿ ಅವರಿಗೆ ಅದರ ಬೆಲೆ ಗೊತ್ತು.

ಶೀರ್ಷಿಕೆಯ ವಿಷಯಕ್ಕೆ ಒಂದು ಮಾತು. ಪ್ರಶ್ನೆಯ ರೂಪದ ಶೀರ್ಷಿಕೆ, ಚಮತ್ಕಾರದ ಶೀರ್ಷಿಕೆ ಎರಡನ್ನೂ ಬಿಟ್ಟೆ. ರೋಗದ ಪೂರ್ಣ ಹೆಸರು, ಅಧ್ಯಯನದ ಬಗೆ, ಫಾಲೋ-ಅಪ್ ಅವಧಿ ಇಷ್ಟು ಇದ್ದರೆ ಸಿಸ್ಟಮ್ಯಾಟಿಕ್ ರಿವ್ಯೂ ಮಾಡುವವರು ಸಾವಿರಾರು ಶೀರ್ಷಿಕೆ ಸೋಸುವಾಗ ನಿಮ್ಮದನ್ನು ಬಿಡುವುದಿಲ್ಲ. ಅಧ್ಯಯನದ ಬಗೆಯನ್ನು ಶೀರ್ಷಿಕೆಯಲ್ಲೋ ಸಾರಾಂಶದಲ್ಲೋ ಹೇಳಿ ಎಂದು, ಇಂಥ ಅಧ್ಯಯನಗಳನ್ನು ಬರೆಯುವ ಕ್ರಮ ತಿಳಿಸುವ ಸ್ಟ್ರೋಬ್ ಪಟ್ಟಿಯೂ ಹೇಳುತ್ತದೆ. ಉಲ್ಲೇಖಗಳನ್ನು ಜೊಟೆರೊ ಸಾಫ್ಟ್‌ವೇರ್‌ನಲ್ಲಿ ಇಡುವವರು ಸಲ್ಲಿಸುವ ಮೊದಲು ಒಮ್ಮೆ ತೆರೆದು ನೋಡಿ, ಹಿಂತೆಗೆದ ಪೇಪರ್ ಇದ್ದರೆ ಅದು ಕೆಂಪು ಪಟ್ಟಿಯಲ್ಲಿ ಎಚ್ಚರಿಸುತ್ತದೆ. ನಮಗೆ ಹಾಗೆ ಒಂದು ಸಿಕ್ಕಿತ್ತು.

ಹೆಚ್ಚು ಉಲ್ಲೇಖವಾದ ಮೇಲಿನ ಎರಡು ಪ್ರತಿಶತ ವಿಜ್ಞಾನಿಗಳದ್ದೆಂದು ಪ್ರತಿ ವರ್ಷ ಬರುವ ಪಟ್ಟಿಯ ಬಗ್ಗೆಯೂ ಕೇಳುತ್ತಾರೆ. ಅಯೋನಿಡಿಸ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಆ ವಿಧಾನದಲ್ಲಿ ಆರು ಅಂಶಗಳಿವೆ. ಅವುಗಳಲ್ಲಿ ಮೂರು, ಒಬ್ಬರೇ ಬರೆದದ್ದು, ಮೊದಲ ಲೇಖಕರಾಗಿದ್ದದ್ದು, ಕೊನೆಯ ಲೇಖಕರಾಗಿದ್ದದ್ದು ಇವುಗಳಿಗೆ ಬಂದ ಸೈಟೇಶನ್‌ಗಳನ್ನೇ ನೋಡುತ್ತವೆ. ಇನ್ನೊಂದು ಅಂಶ ಸಹಲೇಖಕರ ಸಂಖ್ಯೆಗೆ ತಕ್ಕಂತೆ ಎಚ್-ಇಂಡೆಕ್ಸನ್ನು ಹಂಚುತ್ತದೆ. ನೂರಾರು ಲೇಖಕರ ಪೇಪರ್‌ನ ನಡುವೆ ಹೆಸರಿದ್ದು ಸಾವಿರ ಸೈಟೇಶನ್ ಬಂದವರಿಗೆ ಅದು ಅಷ್ಟಾಗಿ ಸಹಾಯ ಮಾಡುವುದಿಲ್ಲ. ಯಾವ ಪೇಪರ್‌ಗೆ ಸಮಯ ಕೊಡಬೇಕು ಎಂದು ನಿರ್ಧರಿಸುವಾಗ ನಾನು ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಹತ್ತಾರು ಬಹುಕೇಂದ್ರ ಅಧ್ಯಯನಗಳನ್ನು ಒಲ್ಲೆ ಎಂದಿದ್ದೇನೆ, ನಮ್ಮ ಪ್ರಶ್ನೆಗೆ ಹೊಂದುವ ಎರಡಕ್ಕೆ ಮಾತ್ರ ಸೇರಿದೆ. ಫೀಲ್ಡ್-ವೆಯ್ಟೆಡ್ ಅಂಕಿಯೂ (ಅದೇ ಕ್ಷೇತ್ರದ ಪೇಪರ್‌ಗಳಿಗೆ ಹೋಲಿಸಿದ ಸೈಟೇಶನ್ ಪ್ರಮಾಣ) ನಮ್ಮದು ಚೆನ್ನಾಗಿದೆ, ಎರಡರ ಮೇಲೆ ಇದೆ. ಒಂದು ಎಂದರೆ ಜಾಗತಿಕ ಸರಾಸರಿ. ಪೇಪರ್ ಕಡಿಮೆ ಇದ್ದಾಗ ಒಂದೇ ಪೇಪರ್ ಅದನ್ನು ಎತ್ತಿಬಿಡಬಹುದು, ಹಾಗಾಗಿ ಅರ್ಜಿಯಲ್ಲಿ ಅದನ್ನು ಒಂಟಿಯಾಗಿ ಬರೆಯಬೇಡಿ, ಪೇಪರ್ ಸಂಖ್ಯೆಯನ್ನೂ ಪಕ್ಕದಲ್ಲೇ ಕೊಡಿ.

ಮುಂದಿನ ಸಂದರ್ಶನದಲ್ಲಿ ನಾನು ಪಟ್ಟಿಯ ಬದಲು ಒಂದು ಪುಟ ಕೊಟ್ಟೆ: ಐದು ಪೇಪರ್, ಪ್ರತಿಯೊಂದನ್ನೂ ಯಾರು ಯಾವುದಕ್ಕೆ ಬಳಸಿದರು ಎಂಬ ಒಂದೊಂದು ಸಾಲು, ಗೈಡ್‌ಲೈನ್‌ನ ಪುಟಸಂಖ್ಯೆ. ಕಮಿಟಿಯಲ್ಲಿದ್ದ ಹೊರಗಿನ ತಜ್ಞರು ಅದನ್ನೇ ಹಿಡಿದು ಇಪ್ಪತ್ತು ನಿಮಿಷ ಮಾತಾಡಿದರು. ಹುದ್ದೆ ಸಿಕ್ಕಿತು. ಈಗ ನಮ್ಮ ಯುನಿಟ್‌ನಲ್ಲಿ ರೆಸಿಡೆಂಟ್‌ಗಳ ಥೀಸಿಸ್‌ಗೂ ಇದೇ ಕೋಹಾರ್ಟ್‌ನಿಂದ ಪ್ರಶ್ನೆ ಕೊಡುತ್ತೇವೆ. ಮೂರು ವರ್ಷದಲ್ಲಿ ಹೊಸದಾಗಿ ಶುರುಮಾಡಿ ಅರ್ಧಕ್ಕೆ ನಿಲ್ಲುವ ಬದಲು ಅವರು ಐದನೆಯ ವರ್ಷದ ಫಾಲೋ-ಅಪ್ ಅಂಕಿಯನ್ನು ಕೈಯಲ್ಲಿ ಹಿಡಿದು ಶುರುಮಾಡುತ್ತಾರೆ. ಕೇಸ್ ರಿಪೋರ್ಟ್ ಬರೆಯಲು ಅವರಿಗೆ ಅಡ್ಡಿಯಿಲ್ಲ, ವರ್ಷಕ್ಕೊಂದು ಸಾಕು ಎಂದಿದ್ದೇನೆ.

ನಾವು ಬಳಸುವ ಫಾಲೋ-ಅಪ್ ಫಾರ್ಮ್ ರೆಡ್‌ಕ್ಯಾಪ್ ಎಂಬ ದತ್ತಾಂಶ ತುಂಬುವ ಸಾಫ್ಟ್‌ವೇರ್‌ನಲ್ಲಿದೆ, ನಲವತ್ತಕ್ಕಿಂತ ಕಡಿಮೆ ಅಂಕಣಗಳು. ಅದಕ್ಕಿಂತ ಹೆಚ್ಚಾದರೆ ಫೋನಿನಲ್ಲಿ ರೋಗಿಗೂ ಸಾಕಾಗುತ್ತದೆ, ತುಂಬುವವರಿಗೂ ಸಾಕಾಗುತ್ತದೆ. ಬೇರೆ ರೋಗಕ್ಕೆ ಬಳಸುವವರು ಕೇಳಿದರೆ ಅದನ್ನೂ ಕೋಷ್ಟಕದ ಮಾದರಿಯನ್ನೂ ಕಳಿಸುತ್ತೇನೆ, ಸಿರೋಸಿಸ್ ಮೇಲೆ ಕೆಲಸ ಮಾಡುವ ಇಬ್ಬರು ಈಗಾಗಲೇ ತೆಗೆದುಕೊಂಡಿದ್ದಾರೆ. ಕೊನೆಯ ಎರಡು ಅಂಕಣ ಮಾತ್ರ ಅಳಿಸಿ ಕಳಿಸುತ್ತೇನೆ, ಅವುಗಳ ಮೇಲಿನ ಪೇಪರ್ ಇನ್ನೂ ರಿವ್ಯೂನಲ್ಲಿದೆ.